ಯುವಜನ ಅಧ್ಯಯನ ಮತ್ತು ಯುವನೀತಿ: ಶ್ರೀಲಂಕಾ ಕಲಿಸುವ ಪಾಠ

ಯುವಜನರು ಎಂದರೆ ಯಾರು? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ವಿಶ್ವಸಂಸ್ಥೆಯು ತನ್ನ ಅಂಕಿ-ಅಂಶಗಳಿಗಾಗಿ 15ರಿಂದ 24 ವರ್ಷದವರನ್ನು ಯುವಜನರೆಂದು ಪರಿಗಣಿಸುತ್ತದೆ. ಭಾರತದ 2003ರ ರಾಷ್ಟ್ರೀಯ ಯುವನೀತಿಯಲ್ಲಿ ಇದು 13ರಿಂದ 35 ವರ್ಷವಾಗಿತ್ತು. 2014ರ ನೀತಿಯಲ್ಲಿ 15ರಿಂದ 29 ಆಯಿತು. ಶ್ರೀಲಂಕಾದ 2014ರ ಯುವನೀತಿಯದ್ದೂ ಇದೇ ಮಿತಿ. ಯಾವ ಯೋಜನೆ ಯಾರಿಗೆ ಸಿಗುತ್ತದೆ ಎಂಬುದನ್ನು ಈ ವಯೋಮಿತಿ ನಿರ್ಧರಿಸುತ್ತದೆ. ಆದರೆ ಯುವಜನರ ಮಾತಿಗೆ ತೀರ್ಮಾನ ಕೈಗೊಳ್ಳುವಲ್ಲಿ ಸ್ಥಾನವಿದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಏಷ್ಯಾದಲ್ಲಿ ಈ ಪ್ರಶ್ನೆಗಾಗಿ ಬಹಳ ಬೆಲೆ ತೆತ್ತ ದೇಶ ಶ್ರೀಲಂಕಾ.

1971: ಮೊದಲ ದಂಗೆ

1971ರ ಏಪ್ರಿಲ್‌ನಲ್ಲಿ ಜನತಾ ವಿಮುಕ್ತಿ ಪೆರಮುನ (ಜೆ.ವಿ.ಪಿ.) ಪಕ್ಷದ ನೇತೃತ್ವದಲ್ಲಿ ಯುವಕರು ಸರಕಾರದ ವಿರುದ್ಧ ದಂಗೆ ಎದ್ದರು. ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಅರ್ಥಶಾಸ್ತ್ರಜ್ಞ ಡಡ್ಲಿ ಸೀರ್ಸ್ ನೇತೃತ್ವದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಂಡವೊಂದು ದೇಶದ ನಿರುದ್ಯೋಗದ ಬಗ್ಗೆ ವರದಿ ನೀಡಿತು. ಉದ್ಯೋಗಗಳ ಸಂಖ್ಯೆ ಕಡಿಮೆ ಎಂಬುದಷ್ಟೇ ಸಮಸ್ಯೆಯಲ್ಲ, ಶಿಕ್ಷಣ ಹುಟ್ಟಿಸಿದ ನಿರೀಕ್ಷೆಗೂ ದೊರೆಯುವ ಕೆಲಸಕ್ಕೂ ತಾಳೆಯಾಗುತ್ತಿಲ್ಲ ಎಂದು ಅದು ಹೇಳಿತು. ಮಾನವಶಾಸ್ತ್ರಜ್ಞ ಗಣನಾಥ ಒಬೇಸೇಕರ ಅವರು ದಂಗೆಯ ಶಂಕಿತರಾದ 10,000ಕ್ಕೂ ಹೆಚ್ಚು ಮಂದಿಯ ವಿವರಗಳನ್ನು ಪರಿಶೀಲಿಸಿ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ದಂಗೆಯೆದ್ದವರಲ್ಲಿ ಹೆಚ್ಚಿನವರು ಅನಕ್ಷರಸ್ಥರಲ್ಲ, ಹಳ್ಳಿಯ ಶಾಲೆಗಳಲ್ಲಿ ಸಿಂಹಳ ಮಾಧ್ಯಮದಲ್ಲಿ ಓದಿದ ಯುವಜನರು ಎಂಬುದು ಅದರಿಂದ ಸ್ಪಷ್ಟವಾಯಿತು.

1990: ಯುವಜನರ ಕುರಿತ ಆಯೋಗ

ಕಾರಣ ತಿಳಿದಿದ್ದರೂ ಪರಿಹಾರ ಬರಲಿಲ್ಲ. 1987ರಿಂದ 1989ರವರೆಗೆ ಎರಡನೆಯ ದಂಗೆ ನಡೆಯಿತು. ದಂಗೆಕೋರರ ಹಿಂಸೆ ಮತ್ತು ಅದನ್ನು ಅಡಗಿಸಿದ ಸರಕಾರದ ಹಿಂಸೆಯ ನಡುವೆ ಹತ್ತಾರು ಸಾವಿರ ಮಂದಿ ಸತ್ತರು ಅಥವಾ ಕಾಣೆಯಾದರು. 1989ರಲ್ಲಿ ಅಧ್ಯಕ್ಷ ಪ್ರೇಮದಾಸ ಅವರು ಯುವಜನರ ಅತೃಪ್ತಿಯ ಕಾರಣಗಳನ್ನು ಅರಿಯಲು ಆಯೋಗವೊಂದನ್ನು ನೇಮಿಸಿದರು. 1990ರಲ್ಲಿ ವರದಿ ಹೊರಬಂತು.

ಅಧಿಕಾರದ ದುರುಪಯೋಗ ಮತ್ತು ನೇಮಕಾತಿಯಲ್ಲಿ ರಾಜಕೀಯ ಶಿಫಾರಸು ಆಯೋಗ ಗುರುತಿಸಿದ ಮುಖ್ಯ ಕಾರಣಗಳು. ಶಿಕ್ಷಣ, ಉದ್ಯೋಗ, ಭಾಷೆ ಮತ್ತು ಜನಾಂಗೀಯ ತಾರತಮ್ಯವನ್ನೂ ಅದು ಚರ್ಚಿಸಿತು. ಆ ಕಾಲದ ಸಿಂಹಳ ಯುವಜನರು ಇಂಗ್ಲಿಷನ್ನು 'ಕಡುವ' ಎಂದು ಕರೆಯುತ್ತಿದ್ದರು. ಕಡುವ ಎಂದರೆ ಕತ್ತಿ. ಆ ಭಾಷೆ ಬಾರದವರನ್ನು ಅದು ಕತ್ತರಿಸಿ ಹೊರಗಿಡುತ್ತದೆ ಎಂಬ ನೋವು ಆ ಒಂದು ಪದದಲ್ಲಿದೆ.

ಶಿಫಾರಸಿನಿಂದ ಕಾನೂನಿಗೆ

ಸ್ಥಳೀಯ ಸಂಸ್ಥೆಗಳ ಚುನಾವಣಾ ಕಾನೂನಿಗೆ 1990ರಲ್ಲಿ ತಿದ್ದುಪಡಿಯಾಯಿತು. ಅಭ್ಯರ್ಥಿಗಳ ಪಟ್ಟಿಯಲ್ಲಿ ಶೇ. 40ರಷ್ಟು ಮಂದಿ 18ರಿಂದ 35 ವರ್ಷದವರಿರಬೇಕೆಂದು ವಿಧಿಸಲಾಯಿತು. ಇದು ಗೆಲುವಿನ ಖಾತರಿಯಲ್ಲ, ಪಟ್ಟಿಯಲ್ಲಿ ಹೆಸರಿನ ಖಾತರಿ ಮಾತ್ರ. 2012ರ ತಿದ್ದುಪಡಿ ಈ ಕಡ್ಡಾಯವನ್ನೂ ತೆಗೆದುಹಾಕಿ, ಮಹಿಳೆಯರು ಮತ್ತು ಯುವಜನರು ಸೇರಿ ಶೇ. 25 ಇರಬಹುದು ಎಂದು ಐಚ್ಛಿಕಗೊಳಿಸಿತು.

2022ರ ಆರ್ಥಿಕ ಕುಸಿತದಲ್ಲಿ ಯುವಜನರು ಮತ್ತೆ ಬೀದಿಗಿಳಿದರು. ಅಧ್ಯಕ್ಷ ಗೋಟಬಯ ರಾಜಪಕ್ಸೆ ದೇಶ ಬಿಟ್ಟು ರಾಜೀನಾಮೆ ನೀಡಬೇಕಾಯಿತು. 2023ರಲ್ಲಿ ಅಭ್ಯರ್ಥಿಗಳ ಪಟ್ಟಿಯಲ್ಲಿ ಯುವಜನರಿಗೆ ಶೇ. 25 ಸ್ಥಾನವನ್ನು ಮತ್ತೆ ಕಡ್ಡಾಯ ಮಾಡಲಾಯಿತು. ಎರಡು ಬಾರಿ ಶಸ್ತ್ರ ಹಿಡಿದಿದ್ದ ಜೆ.ವಿ.ಪಿ.ಯ ನಾಯಕ ಅನುರ ಕುಮಾರ ದಿಸ್ಸಾನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಮತಪತ್ರದ ಮೂಲಕ ದೇಶದ ಅಧ್ಯಕ್ಷರಾದರು.

ನಮಗೇನು ಪಾಠ?

ಶ್ರೀಲಂಕಾದಲ್ಲಿ ಅಧ್ಯಯನಗಳಿಗೆ ಕೊರತೆಯಿರಲಿಲ್ಲ. 1971ರ ವರದಿಯೇ ಮುಖ್ಯ ಕಾರಣವೊಂದನ್ನು ಹೇಳಿತ್ತು. ಆದರೆ ಆಲಿಸುವ ಆಯೋಗ ಬಂದದ್ದು ಎರಡನೆಯ ರಕ್ತಪಾತದ ನಂತರ. ಕೊಟ್ಟ ಸ್ಥಾನವನ್ನು ಹಿಂದಕ್ಕೆ ಪಡೆದದ್ದು ಎಲ್ಲರೂ ಮರೆತಾಗ. ಯುವಜನರೊಂದಿಗೆ ಕೆಲಸ ಮಾಡುವ ಯಾವುದೇ ಸಂಘ-ಸಂಸ್ಥೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ನಾವು ಅವರಿಗಾಗಿ ಕಾರ್ಯಕ್ರಮ ಮಾಡುತ್ತೇವೆಯೇ ಅಥವಾ ಅವರನ್ನು ಕೇಳಿ ಮಾಡುತ್ತೇವೆಯೇ? ತೀರ್ಮಾನ ಕೈಗೊಳ್ಳುವ ಸಭೆಯಲ್ಲಿ ಅವರಿಗೆ ಮತವಿದೆಯೇ ಅಥವಾ ಕುರ್ಚಿ ಜೋಡಿಸುವ ಕೆಲಸ ಮಾತ್ರವೇ? ಕಳೆದ ವರ್ಷ ಅವರು ಹೇಳಿದ್ದರಲ್ಲಿ ಯಾವುದು ಈ ವರ್ಷ ಜಾರಿಗೆ ಬಂದಿದೆ?