ಮುಗಿದ ಚರಿತೆಯ ಮುಂದುವರಿಕೆ: ಸಿದ್ಧರಾಮ ಕಥೆಯನ್ನು ಕುರಿತು ಒಂದು ವಿವೇಚನೆ

ಒಬ್ಬ ಕವಿಯು ಮಂಗಳ ಹಾಡಿ ಮುಗಿಸಿದ ಕಥೆಯನ್ನು ಮತ್ತೊಬ್ಬನು ಮುಂದುವರಿಸುವುದು ಯುಕ್ತವೆ? ಈ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹೊಸದೇನೂ ಅಲ್ಲ. ಕುಮಾರವ್ಯಾಸನು ಗದಾಪರ್ವದೊಡನೆ, ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಿದನು. ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ (1509–1529) ಆಶ್ರಯದಲ್ಲಿ ತಿಮ್ಮಣ್ಣ ಕವಿ ರಚಿಸಿದನು. ಕುಮಾರವ್ಯಾಸನ ಪರ್ವಗಳು ಮಾತ್ರ ಇದ್ದಂತೆಯೇ ಉಳಿದವು. ಇಂದಿಗೂ ಗಮಕಿಗಳು ಬಾಯ್ತುಂಬ ಹಾಡುವುದು ಅವನ್ನೇ. ಹೀಗಾಗಿ ಆ ಮುಂದುವರಿಕೆಯಿಂದ ಯಾರಿಗೂ ಹಾನಿಯಾಗಲಿಲ್ಲ.

ಶರಣರ ಚರಿತೆಗಳಲ್ಲಿ ವಿಷಯ ಇಷ್ಟು ಸರಳವಲ್ಲ. ಅಲ್ಲಿ ಕಥಾನಾಯಕನು ಬಾಳಿ ಹೋದ ಮಹಾಪುರುಷ. ಕಥೆಗೆ ಸೇರಿಸಿದ ಪ್ರತಿಯೊಂದು ಸಂಗತಿಯೂ ಅವನ ಬಾಳಿಗೇ ಸೇರಿಬಿಡುತ್ತದೆ. ಇದಕ್ಕೆ ಸೊನ್ನಲಿಗೆಯ ಸಿದ್ಧರಾಮನ ಚರಿತೆಗಿಂತ ಉತ್ತಮ ನಿದರ್ಶನ ನನಗೆ ತಿಳಿದಿಲ್ಲ.

ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು 'ಸಿದ್ಧರಾಮ ಚಾರಿತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದನು. ಜಂಗಮರೂಪದಲ್ಲಿ ಬಂದ ಮಲ್ಲಯ್ಯನನ್ನು ಕಂಡು, ಅವನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋಗುವ ಬಾಲಕನ ಹಂಬಲವನ್ನು ಅಲ್ಲಿ ಓದಿ ಕಣ್ಣು ತೇವಗೊಳ್ಳದವರು ವಿರಳ. ಮುಂದೆ ಆ ಬಾಲಕನೇ ಸೊನ್ನಲಿಗೆಗೆ ಮರಳಿ, ಕೆರೆ ಕಟ್ಟಿಸಿ, ದೇಗುಲಗಳನ್ನೆತ್ತಿಸಿ, ಲೋಕೋಪಕಾರದಲ್ಲಿಯೇ ಯೋಗವನ್ನು ಕಾಣುತ್ತಾನೆ. ಅಲ್ಲಮಪ್ರಭುವಿನ ಭೇಟಿಯಾಗಲಿ, ಇಷ್ಟಲಿಂಗದೀಕ್ಷೆಯಾಗಲಿ ಆ ಕಾವ್ಯದಲ್ಲಿ ಇಲ್ಲ. ರಾಘವಾಂಕನ ದೃಷ್ಟಿಯಲ್ಲಿ ಚರಿತೆ ಸಂಪೂರ್ಣವಾಗಿತ್ತು.

ಸುಮಾರು ಎರಡು ಶತಮಾನಗಳ ಅನಂತರ, ಪ್ರೌಢದೇವರಾಯನ (1424–1446) ಕಾಲದಲ್ಲಿ, ಚಾಮರಸನು 'ಪ್ರಭುಲಿಂಗಲೀಲೆ'ಯನ್ನು ರಚಿಸಿದಾಗ ಅದೇ ಸೊನ್ನಲಿಗೆಗೆ ಅಲ್ಲಮನು ಬರುತ್ತಾನೆ. ಕೆರೆಯ ಕೆಲಸ ನಡೆದಿರುವಲ್ಲಿ ನಿಂತು ಸಿದ್ಧರಾಮನನ್ನು 'ಒಡ್ಡ'ನೆಂದು ಕರೆಯುತ್ತಾನೆ. ಕೆರಳಿದ ಕೆಲಸಗಾರರು ಕಲ್ಲು ಬೀರುತ್ತಾರೆ. ಸಿದ್ಧರಾಮನು ಹಣೆಗಣ್ಣು ತೆರೆದರೂ ಆ ಉರಿ ಅಲ್ಲಮನನ್ನು ಮುಟ್ಟುವುದಿಲ್ಲ. ಕಡೆಗೆ ಇಬ್ಬರೂ ಕಲ್ಯಾಣದ ದಾರಿ ಹಿಡಿಯುತ್ತಾರೆ. ಶೂನ್ಯಸಂಪಾದನೆಕಾರರು ಇದನ್ನೇ ವಚನಗಳ ಸಂವಾದವಾಗಿ ವಿಸ್ತರಿಸಿದರು. ಆ ಪರಂಪರೆಯೊಳಗೂ ಕಥೆ ನಿಂತ ನೀರಾಗಲಿಲ್ಲ. ಮೊದಲನೆಯವನಾದ ಶಿವಗಣಪ್ರಸಾದಿ ಮಹಾದೇವಯ್ಯನಲ್ಲಿ ಇಲ್ಲದ ಸಿದ್ಧರಾಮನ ದೀಕ್ಷಾಪ್ರಸಂಗವು, ಕೊನೆಯವನಾದ ಗೂಳೂರು ಸಿದ್ಧವೀರಣ್ಣೊಡೆಯನಲ್ಲಿ ಚೆನ್ನಬಸವಣ್ಣನ ಹಸ್ತದಿಂದ ನೆರವೇರುತ್ತದೆ.

ಇದನ್ನು ಅಪಚಾರವೆನ್ನಬೇಕೆ? ನಾನು ಹಾಗೆನ್ನಲಾರೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ವಚನಗಳಲ್ಲಿ ಬಸವಣ್ಣ, ಚೆನ್ನಬಸವಣ್ಣರ ಸ್ತುತಿ ಹೇರಳವಾಗಿದೆ. ಕಲ್ಯಾಣದ ನಂಟಿಲ್ಲದೆ ಆ ಮಾತುಗಳು ಹುಟ್ಟುವುದು ಹೇಗೆ? ರಾಘವಾಂಕನು ಹೇಳದೆ ಬಿಟ್ಟುದನ್ನು ವಚನಗಳೇ ಕೇಳುತ್ತಿದ್ದವು. ಆ ಕೇಳಿಕೆಗೆ ನಂತರದವರು ಉತ್ತರ ಕೊಟ್ಟರು. ಸ್ಥಾವರಲಿಂಗದ ಭಕ್ತನೂ ಕರ್ಮಯೋಗಿಯೂ ಆದ ಇಂಥ ಹಿರಿಯನನ್ನು ಇಷ್ಟಲಿಂಗನಿಷ್ಠೆಯ ಪಥದಲ್ಲಿ ಎಲ್ಲಿ ಕೂರಿಸಬೇಕೆಂಬುದು ಅವರಿಗೆ ನಿಜವಾದ ಸಮಸ್ಯೆಯಾಗಿತ್ತು. ಕೇವಲ ಕಥೆ ಬೆಳೆಸುವ ಚಪಲದಿಂದ ಅವರು ಲೇಖನಿ ಹಿಡಿದವರಲ್ಲ.

ನನ್ನ ಆಕ್ಷೇಪಣೆ ಇರುವುದು ನಮ್ಮ ಓದಿನ ಕ್ರಮದ ಮೇಲೆ. ನಾಲ್ಕು ಸಂಪಾದನೆಗಳಲ್ಲಿ ಕಾಲದಿಂದ ಕೊನೆಯದಾದ ಸಿದ್ಧವೀರಣ್ಣೊಡೆಯನ ಕೃತಿಯೇ ಮೊದಲು ಪ್ರಸಿದ್ಧಿಗೆ ಬಂದಿತು. ಪೂಜ್ಯ ಫ. ಗು. ಹಳಕಟ್ಟಿಯವರು ಅದನ್ನು 1930ರಲ್ಲಿ ಅಚ್ಚು ಹಾಕಿಸಿದ್ದು ಕನ್ನಡಿಗರ ಪುಣ್ಯ. ಮಹಾದೇವಯ್ಯನ ಕೃತಿ ಪಂಡಿತರ ಕೈ ಸೇರಿದ್ದು ಎಷ್ಟೋ ದಶಕಗಳ ಮೇಲೆ. ಅಷ್ಟರೊಳಗೆ ಕಡೆಯ ಸೇರ್ಪಡೆಯೇ ಮೂಲವೆಂಬ ಭಾವನೆ ಜನಮನದಲ್ಲಿ ಬೇರೂರಿತ್ತು. ಸೊನ್ನಲಿಗೆಯ ಕೆರೆ ಕಟ್ಟಿದ್ದು ಸಿದ್ಧರಾಮನ ಅಜ್ಞಾನದಶೆಯ ಕೆಲಸವೆಂದು ಉಪನ್ಯಾಸಗಳಲ್ಲಿ ಹೇಳುವವರನ್ನು ನಾನೇ ಕೇಳಿದ್ದೇನೆ. ರಾಘವಾಂಕನು ಯಾವುದನ್ನು ಸಿದ್ಧಿಯೆಂದು ಹಾಡಿದನೋ ಅದನ್ನೇ ಇವರು ದೋಷವೆನ್ನುತ್ತಾರೆ! ಮುಂದುವರಿಕೆಯು ಮೊದಲ ಕಥೆಯ ಬೆಲೆಯನ್ನೇ ತಗ್ಗಿಸುವುದು ಹೀಗೆ.

ಶಾಲೆಯಲ್ಲಿದ್ದಾಗ ಕಲ್ಲು ಬೀರಿದ ಪ್ರಸಂಗವನ್ನು ಪಾಠ ಮಾಡುವ ಮೊದಲು ರಾಘವಾಂಕನ ಕಥೆಯನ್ನು ಬಾಯಲ್ಲಿಯಾದರೂ ಹೇಳುವುದು ನನ್ನ ರೂಢಿಯಾಗಿತ್ತು. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, "ಗುರುಗಳೇ, ಅಲ್ಲಮಪ್ರಭು ಒಡ್ಡ ಅಂದಮೇಲೆ ಆ ಕೆರೆ ಕೆಲಸ ಅಲ್ಲಿಗೇ ನಿಂತಿತೇನು?" ಎಂದು ಕೇಳಿದನು. ಇಲ್ಲಪ್ಪ, ಸೊಲ್ಲಾಪುರಕ್ಕೆ ಹೋದರೆ ಸಿದ್ಧೇಶ್ವರನ ಗುಡಿಯ ಸುತ್ತ ಆ ನೀರನ್ನು ನೀನೂ ನೋಡಬಹುದು, ಎಂದೆ.