ಪುಣೆಯ ಬಾಣಂತಿ ಕೋಣೆಗೆ ಬಂದ ತಕ್ಕಡಿ

1990ರ ದಶಕದ ನಡುವಿನಲ್ಲಿ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಯಾರಿಗೇ ಹೆರಿಗೆಯಾಗಲಿ, ಕೆಇಎಂ ಆಸ್ಪತ್ರೆಯ ಸಿಬ್ಬಂದಿ 72 ಗಂಟೆಯೊಳಗೆ ಕೂಸಿನ ಮುಂದೆ ಹಾಜರಿರಬೇಕಿತ್ತು. ಮೊದಲು ತೂಕ, ಆಮೇಲೆ ಉದ್ದ, ತಲೆಯ ಸುತ್ತಳತೆ, ತೋಳಿನ ಸುತ್ತಳತೆ. ಕೊನೆಗೆ ಕ್ಯಾಲಿಪರ್ ಸರದಿ. ರಟ್ಟೆಯ ಹಿಂಬದಿಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಅದರ ದಪ್ಪ ಅಳೆಯುವುದು, ಹಾಗೆಯೇ ಬೆನ್ನಿನಲ್ಲಿ ಹೆಗಲ ಮೂಳೆಯ ಕೆಳಗೂ. ಎರಡೂವರೆ ಕೆಜಿಯ ಕೂಸಿನ ಮೈಯಲ್ಲಿ ಕೊಬ್ಬು ಹುಡುಕುವ ಈ ಕೆಲಸ ನೋಡಿದವರಿಗೆ ವಿಚಿತ್ರವಾಗಿಯೇ ಕಂಡಿರಬೇಕು.

ಆಸ್ಪತ್ರೆಗೆ ಹಳ್ಳಿಯ ದಾರಿ ಹೊಸದಾಗಿರಲಿಲ್ಲ. 1944ರಲ್ಲಿ ಕೆಇಎಂ ಸೇರಿದ ಪ್ರಸೂತಿ ತಜ್ಞೆ ಬಾನೂ ಕೊಯಾಜಿ ದಶಕಗಳ ಕಾಲ ಆ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದರು. ಬಸುರಿ ಪುಣೆಯವರೆಗೆ ಬರುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ ಎಂಬುದನ್ನು ಕಂಡು, 1970ರ ದಶಕದಲ್ಲಿ ವಡು ಎಂಬ ಹಳ್ಳಿಯಲ್ಲಿ ಆರೋಗ್ಯ ಯೋಜನೆ ಆರಂಭಿಸಿ, ಊರಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತರಬೇತುಗೊಳಿಸಿದರು. 1993ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅದೇ ಆಸ್ಪತ್ರೆಯಲ್ಲಿ ಪುಣೆ ಮಾತೃ ಪೋಷಣೆ ಅಧ್ಯಯನ ಶುರುವಾಯಿತು.

ಶುರು ಮಾಡಿದ ಚಿತ್ತರಂಜನ್ ಯಾಜ್ಞಿಕ್ ಪ್ರಸೂತಿ ವೈದ್ಯರಲ್ಲ, ಸಕ್ಕರೆ ಕಾಯಿಲೆಯ ತಜ್ಞರು. ಬೊಜ್ಜಿಲ್ಲದ ಭಾರತೀಯರಿಗೂ ಇಷ್ಟು ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಏಕೆ ಎಂಬುದು ಅವರ ಪ್ರಶ್ನೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದ ಡೇವಿಡ್ ಬಾರ್ಕರ್ ಅದಕ್ಕೊಂದು ಸುಳಿವು ಕೊಟ್ಟಿದ್ದರು: ಮಧ್ಯವಯಸ್ಸಿನ ರೋಗದ ಬೇರು ತಾಯಿಯ ಗರ್ಭದಲ್ಲಿರಬಹುದು. ಈ ಮಾತಿಗೆ ಭಾರತದ ಪುರಾವೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದಲೂ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದವನ್ನು ಬರೆದಿಟ್ಟುಕೊಂಡಿತ್ತು. ಬಾರ್ಕರ್ ಮತ್ತು ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಇದ್ದ ತಂಡ ಆ ದಾಖಲೆ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆಹಚ್ಚಿತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು, 3.2 ಕೆಜಿ ದಾಟಿದವರಲ್ಲಿ ಶೇ 3 ಮಂದಿಗೆ ಮಾತ್ರ. ಇದು 1996ರಲ್ಲಿ ಪ್ರಕಟವಾಯಿತು. ಯಾರೋ ನರ್ಸುಗಳು ಶ್ರದ್ಧೆಯಿಂದ ಬರೆದಿಟ್ಟ ಅಂಕಿ ಅರ್ಧ ಶತಮಾನದ ಮೇಲೆ ಬಾಯಿ ಬಿಟ್ಟಿತ್ತು.

ಮೈಸೂರಿನಲ್ಲಿ ದಾಖಲೆ ಸಿದ್ಧವಿತ್ತು. ಪುಣೆಯಲ್ಲಿ ಅದನ್ನು ಮೊದಲಿನಿಂದ ಹುಟ್ಟಿಸಬೇಕಿತ್ತು, ಅದೂ ಗರ್ಭ ನಿಲ್ಲುವುದಕ್ಕೂ ಮೊದಲಿನಿಂದ. ಹಾಗಾಗಿ ಆರು ಹಳ್ಳಿಗಳ 2,466 ವಿವಾಹಿತ ಹೆಂಗಸರ ಮನೆಗೆ ತಿಂಗಳಿಗೊಮ್ಮೆ ಹೋಗಿ ಮುಟ್ಟಿನ ದಿನ ಕೇಳಿ ಬರೆದುಕೊಳ್ಳಲಾಯಿತು. ಅತ್ತೆ, ನಾದಿನಿ ಕೂತಿರುವ ಮನೆಯಲ್ಲಿ ಅದನ್ನು ಪ್ರತಿ ತಿಂಗಳು ಹೇಳುವುದು ಸಣ್ಣ ಸಂಗತಿಯಲ್ಲ. ಈ ಅಧ್ಯಯನದ ಕೀರ್ತಿಯಲ್ಲಿ ದೊಡ್ಡ ಪಾಲು ಹೇಳಿದವರಿಗೂ ಕೇಳಿದವರಿಗೂ ಸಲ್ಲಬೇಕು.

ಆ ಹೆಂಗಸರ ಸರಾಸರಿ ಎತ್ತರ 152 ಸೆಂಟಿಮೀಟರ್, ಬಸುರಾಗುವ ಮೊದಲಿನ ತೂಕ 42 ಕೆಜಿಯೂ ಇಲ್ಲ. ಕೂಸುಗಳು ಸರಾಸರಿ 2.7 ಕೆಜಿ, ಹೋಲಿಕೆಗೆ ತೆಗೆದುಕೊಂಡ ಸೌತಾಂಪ್ಟನ್‌ನ ಕೂಸುಗಳಲ್ಲಿ ಅದು 3.5. ಇಷ್ಟು ಯಾರಾದರೂ ಊಹಿಸಬಹುದಿತ್ತು. ಊಹೆ ಮೀರಿದ್ದು ಕ್ಯಾಲಿಪರ್ ಹೇಳಿದ್ದು. ಪುಣೆಯ ಕೂಸಿನಲ್ಲಿ ಮಾಂಸಖಂಡ ಸೊರಗಿತ್ತು, ಹೊಟ್ಟೆಯ ಸುತ್ತಳತೆ ತೀರಾ ಕಡಿಮೆಯಿತ್ತು. ಆದರೆ ಬೆನ್ನಿನ ಕೊಬ್ಬು ಮಾತ್ರ ಇಂಗ್ಲೆಂಡಿನ ಕೂಸಿಗೆ ಹತ್ತಿರಹತ್ತಿರ ಸಮವಾಗಿತ್ತು. 2003ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಯಾಜ್ಞಿಕ್ ತಮ್ಮ ಮೈಯನ್ನೇ ಸಾಕ್ಷಿಗೆ ತಂದರು. ಅವರದೂ ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಅಕ್ಕಪಕ್ಕ ನಿಂತ ಇಬ್ಬರ ಫೋಟೊ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಬಸುರಿ ಎಷ್ಟು ತಿಂದಳು ಎಂಬ ಲೆಕ್ಕಕ್ಕೂ ಕೂಸಿನ ಗಾತ್ರಕ್ಕೂ ಸಂಬಂಧ ಕಾಣಲಿಲ್ಲ. ಏನು ತಿಂದಳು ಎಂಬುದಕ್ಕೆ ಕಂಡಿತು: ಸೊಪ್ಪು, ಹಣ್ಣು, ಹಾಲು ಹೆಚ್ಚು ಸಲ ತಿಂದವರ ಕೂಸು ದೊಡ್ಡದಿತ್ತು. ಹೊಲದ ಕೆಲಸ, ನೀರು ಹೊರುವುದು ಸೇರಿ ದುಡಿಮೆ ಹೆಚ್ಚಿದ್ದ ತಾಯಂದಿರ ಕೂಸು ಚಿಕ್ಕದಿತ್ತು. ಸೊಪ್ಪಿನ ಸುದ್ದಿ ಹರಡಿದಷ್ಟು ಈ ಎರಡನೆಯದು ಹರಡಿದಂತಿಲ್ಲ. ಬಸುರಿಯ ತಟ್ಟೆಗೆ ಸೊಪ್ಪು ಬಡಿಸು ಎನ್ನುವುದು ಸುಲಭ, ಕೊಡ ಇಳಿಸು ಎನ್ನುವುದು ಕಷ್ಟ.

ರಕ್ತಪರೀಕ್ಷೆಯಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಮೂರನೇ ಎರಡು ಭಾಗ ತಾಯಂದಿರಲ್ಲಿ ಬಿ12 ವಿಟಮಿನ್ ಕೊರತೆ. ಫೋಲೇಟ್ ಕೊರತೆ ಇದ್ದದ್ದು ಒಬ್ಬಳೇ ಒಬ್ಬಳಿಗೆ. ಸೊಪ್ಪಿನಲ್ಲಿ ಫೋಲೇಟ್ ಧಾರಾಳ, ಬಿ12 ಇಲ್ಲ. ಅದು ಹಾಲು, ಮೊಟ್ಟೆ, ಮಾಂಸದಿಂದಲೇ ಬರಬೇಕು. 2008ರ ವರದಿ ಇನ್ನೂ ಮುಂದೆ ಹೋಯಿತು: ಬಿ12 ಕಡಿಮೆಯಾಗಿ ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ನಾಟುತ್ತಿರಲಿಲ್ಲ. 1970ರಿಂದ ಸರ್ಕಾರ ಬಸುರಿಯರಿಗೆ ಹಂಚುತ್ತಾ ಬಂದದ್ದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ, ಅಂದರೆ ಫೋಲೇಟ್‌ನ, ಮಾತ್ರೆ. ಕೂಸಿನ ಮಿದುಳುಬಳ್ಳಿಗೆ ಫೋಲೇಟ್ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಜೊತೆಗೆ ಬಿ12 ಏಕಿಲ್ಲ ಎಂಬುದೇ ಪುಣೆ ಎತ್ತಿದ ಪ್ರಶ್ನೆ.

ಉತ್ತರ ಹುಡುಕಲು 2012ರಲ್ಲಿ ‘ಪ್ರಿಯಾ’ ಎಂಬ ಪ್ರಯೋಗ ಆರಂಭವಾಯಿತು. ಅದರಲ್ಲಿ ಪಾಲ್ಗೊಂಡವರು ಕ್ಯಾಲಿಪರ್ ಕಂಡಿದ್ದ ಅದೇ ಕೂಸುಗಳು, ಈಗ ಹದಿಹರೆಯ ದಾಟುತ್ತಿದ್ದವರು. ಒಂದು ಗುಂಪಿಗೆ ದಿನಕ್ಕೆ ಎರಡು ಮೈಕ್ರೊಗ್ರಾಂ ಬಿ12, ಇನ್ನೊಂದಕ್ಕೆ ಬಿ12 ಜೊತೆ ಬೇರೆ ಪೋಷಕಾಂಶಗಳು, ಮೂರನೆಯದಕ್ಕೆ ಬಿ12 ಇಲ್ಲದ ಮಾತ್ರೆ. ಹುಡುಗಿಯರು ಮದುವೆಯಾಗಿ ತಾಯಂದಿರಾದ ಮೇಲೆ ಅವರ ಮಕ್ಕಳನ್ನೂ ಪರೀಕ್ಷಿಸಲಾಯಿತು. 2021ರ ವರದಿಯಂತೆ, ಬಿ12 ಒಂದನ್ನೇ ಪಡೆದಿದ್ದವರ ಮಕ್ಕಳು ಎರಡನೇ ವಯಸ್ಸಿನಲ್ಲಿ ಗ್ರಹಿಕೆ ಮತ್ತು ಭಾಷೆಯಲ್ಲಿ ಮುಂದಿದ್ದರು. ಪರೀಕ್ಷೆಗೆ ಒಳಗಾದ ಮಕ್ಕಳ ಸಂಖ್ಯೆ ಚಿಕ್ಕದು, ಆದ್ದರಿಂದ ಇದನ್ನೇ ಕೊನೆಯ ತೀರ್ಪು ಎನ್ನಲಾಗದು.