ಕಾಂಗ್ರೆಸ್ ಗಿಡದ ಇಸಬು: ತುರಿಕೆ ಅಡಗಿದರೂ ಮಾಸದ ಕಲೆ

ಮಳೆಗಾಲ ಹಿಡಿದ ಕೆಲವೇ ವಾರಗಳಲ್ಲಿ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ಸುತ್ತಮುತ್ತ ಹೊಲದ ಬದು, ರಸ್ತೆಯ ಅಂಚು, ಮನೆ ಕಟ್ಟದೆ ಬಿಟ್ಟ ನಿವೇಶನಗಳಲ್ಲಿ ಬಿಳಿಯ ಪುಟ್ಟ ಹೂಗಳ ಗಿಡ ಎದೆಯೆತ್ತರಕ್ಕೆ ಬೆಳೆದು ನಿಲ್ಲುತ್ತದೆ. ಸಸ್ಯಶಾಸ್ತ್ರಜ್ಞರಿಗೆ ಇದು ಪಾರ್ಥೇನಿಯಂ ಹಿಸ್ಟರೋಫೋರಸ್. ಊರಿನವರಿಗೆ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದ ಈ ಕಳೆ 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಮುಂದೆ ಬೆಂಗಳೂರಿನ ಸುತ್ತಲಿನ ಬಯಲುಸೀಮೆಯನ್ನು ಆವರಿಸಿತು. ಬೆಳೆಗೆ ಇದು ಮಾಡುವ ಹಾನಿ ರೈತರಿಗೆ ಗೊತ್ತು. ಮೈಗೆ ಮಾಡುವ ಹಾನಿಯನ್ನು ಗುರುತಿಸುವುದು ಮಾತ್ರ ಬಹುತೇಕ ತಡವಾಗಿಯೇ.

ಗಿಡದ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕವೇ ಇದಕ್ಕೆ ಕಾರಣ. ಸೋಂಕಿದ ಎಲ್ಲರಿಗೂ ಇದು ತೊಂದರೆ ಕೊಡುವುದಿಲ್ಲ. ವರ್ಷಗಟ್ಟಲೆ ಬರಿಗೈಯಲ್ಲಿ ಕಳೆ ಕಿತ್ತವರ ಮೈ ಒಂದು ದಿನ ಇದನ್ನು ಶತ್ರುವೆಂದು ಗುರುತಿಸಿಬಿಟ್ಟರೆ, ಆ ನೆನಪು ಸಾಮಾನ್ಯವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ. ಪ್ರತಿಕ್ರಿಯೆ ತಕ್ಷಣ ಬಾರದೆ ಒಂದೆರಡು ದಿನಗಳ ನಂತರ ಬರುವುದರಿಂದ ತುರಿಕೆಗೂ ಗಿಡಕ್ಕೂ ಇರುವ ನಂಟು ರೋಗಿಗೆ ಹೊಳೆಯುವುದಿಲ್ಲ. ಊಟದ ನಂಜು, ಸೋಪಿನ ದೋಷ ಎಂದುಕೊಂಡು ತಿಂಗಳುಗಳು ಕಳೆಯುತ್ತವೆ. ನಡುವಯಸ್ಸು ದಾಟಿದ, ಹೊರಗೆ ದುಡಿಯುವ ಗಂಡಸರಲ್ಲಿ ಇದು ಹೆಚ್ಚು.

ಗಿಡವನ್ನು ಮುಟ್ಟಲೇಬೇಕೆಂದಿಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಬರಿಯ ಬಿಸಿಲಿನಿಂದ ಆದ ತೊಂದರೆಯಾದರೆ ಮೇಲಿನ ರೆಪ್ಪೆ, ಗದ್ದದ ಕೆಳಭಾಗ, ಕಿವಿಯ ಹಿಂಬದಿ ಸಾಮಾನ್ಯವಾಗಿ ಪಾರಾಗುತ್ತವೆ. ಗಾಳಿಯಲ್ಲಿ ಬಂದ ಪುಡಿ ಅವನ್ನೂ ಬಿಡುವುದಿಲ್ಲ. ಆರಂಭದಲ್ಲಿ ಮಳೆಗಾಲಕ್ಕೆ ಕೆರಳಿ ಮತ್ತೆ ತಣ್ಣಗಾಗುವ ಇಸಬು, ವರ್ಷಗಳು ಕಳೆದಂತೆ ಹನ್ನೆರಡು ತಿಂಗಳೂ ನಿಲ್ಲುವುದುಂಟು. ಕೆಲವರಿಗೆ ಬಿಸಿಲೇ ಸಹಿಸದಂತಾಗುತ್ತದೆ.

ತುರಿಸಿ ತುರಿಸಿ ಚರ್ಮ ದಪ್ಪಗಾಗಿ, ಕಪ್ಪಾಗಿ, ಹಣೆಯ ಮೇಲೆ ಆಳವಾದ ಗೆರೆಗಳು ಮೂಡುತ್ತವೆ. ಕೆಲವರಲ್ಲಿ ಬಣ್ಣ ಕಳೆದ ಬಿಳಿ ಮಚ್ಚೆಗಳೂ ಉಳಿಯಬಹುದು. ಔಷಧದಿಂದ ತುರಿಕೆ ಅಡಗಿದರೂ ಕಪ್ಪು ಇಳಿಯಲು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಬೇಕು. ಉಬ್ಬಿ ಗೆರೆಬಿದ್ದ ಮುಖವನ್ನು ಕಂಡು ಕುಷ್ಠವೆಂದು ಶಂಕಿಸುವವರಿದ್ದಾರೆ. ಹೆಣ್ಣು ಕೊಡುವ, ತರುವ ಮಾತುಕತೆಯವರೆಗೂ ಆ ಶಂಕೆ ಹಬ್ಬಿದರೆ ರೋಗಕ್ಕಿಂತ ಅದೇ ಭಾರವಾಗುತ್ತದೆ. ಕಾಂಗ್ರೆಸ್ ಗಿಡದ ಇಸಬು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಜತೆಯಲ್ಲಿ ಉಣ್ಣುವುದಕ್ಕಾಗಲೀ, ಒಂದೇ ಟವೆಲ್ ಬಳಸುವುದಕ್ಕಾಗಲೀ ಅಂಜಬೇಕಿಲ್ಲ. (ಕುಷ್ಠವೂ ಬಹುವಿಧ ಔಷಧ ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ ಎಂಬುದು ಬೇರೆ ಮಾತು.)

ಕಾರಣ ಖಚಿತಪಡಿಸಿಕೊಳ್ಳಲು ಪ್ಯಾಚ್ ಪರೀಕ್ಷೆ ಇದೆ. ಗಿಡದ ಸಾರವನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನು ನೆನೆಯಬಾರದು. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಮುಲಾಮು ಮೊದಲ ಮೆಟ್ಟಿಲು. ಹಟಮಾರಿ ರೋಗಕ್ಕೆ ಅಜಥಯೊಪ್ರಿನ್‌ನಂತಹ, ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಮಾತ್ರೆ ಕೊಡುತ್ತಾರೆ. ಇದರ ಗುಣ ಕಾಣಲು ವಾರಗಳು ಬೇಕು. ನಡುನಡುವೆ ರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆ ಕಡ್ಡಾಯ. ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನೇ ವರ್ಷಗಟ್ಟಲೆ ಮುಖಕ್ಕೆ ಬಳಿಯುವುದು ಇನ್ನೊಂದು ಅನಾಹುತ. ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಬಿಟ್ಟೊಡನೆ ಉರಿ ಇಮ್ಮಡಿಸುತ್ತದೆ. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು.

ಗಿಡದಿಂದ ದೂರವಿರಿ ಎನ್ನುವುದು ವೈದ್ಯರ ಮೊದಲ ಸಲಹೆ. ಹೊಲವೇ ಜೀವನವಾದವನು ಎಷ್ಟು ದೂರ ಹೋದಾನು? ಸಾಧ್ಯವಿರುವುದಿಷ್ಟು: ಉದ್ದ ತೋಳಿನ ಅಂಗಿ, ತಲೆಗೆ ಮುಖಕ್ಕೆ ವಸ್ತ್ರ, ಮನೆಗೆ ಬಂದೊಡನೆ ಸ್ನಾನ, ಹೊಲದ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು. ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯೂ ಇದೆ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಇದೇ ಕುಟುಂಬದ ಸಸ್ಯಗಳು. ಕಾಂಗ್ರೆಸ್ ಗಿಡಕ್ಕೆ ಕೆರಳುವ ಮೈ ಸೇವಂತಿಗೆಗೂ ಕೆರಳಬಹುದು. ಹೂ ಬೆಳೆಯುವವರು, ಬಿಡಿಸುವವರು, ಮಾಲೆ ಕಟ್ಟುವವರು ಇದನ್ನು ವೈದ್ಯರಿಗೆ ಮುಂಚಿತವಾಗಿ ಹೇಳುವುದು ಒಳಿತು.

ರಾಜ್ಯದಲ್ಲಿ ಈ ಕಳೆಯನ್ನು 1975ರಲ್ಲೇ ಕಾನೂನಿನಡಿ ಹಾನಿಕಾರಕವೆಂದು ಘೋಷಿಸಲಾಗಿತ್ತು. ಮೆಕ್ಸಿಕೊದಿಂದ ತರಿಸಿದ ಎಲೆ ತಿನ್ನುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ಮಳೆಗಾಲದಲ್ಲಿ ಚುರುಕು, ಬೇಸಿಗೆಯಲ್ಲಿ ಮಣ್ಣಿನಡಿ ಅಡಗುತ್ತದೆ. ಗಿಡವೋ ಸಾವಿರಾರು ಬೀಜ ಉದುರಿಸಿ ಮುಂದಿನ ಮಳೆಗೆ ಕಾಯುತ್ತದೆ. ಹೀಗಾಗಿ ಕೈಯಿಂದ ಕೀಳುವ ಕೆಲಸ ತಪ್ಪಿಲ್ಲ. ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಈಗಾಗಲೇ ಇಸಬು ಇರುವವರು ಈ ಕೆಲಸಕ್ಕೆ ಇಳಿಯಬಾರದು. ಅವರ ಹೊಲದ ಬದುವನ್ನು ಮನೆಯ ಉಳಿದವರೋ ನೆರೆಯವರೋ ಶುಚಿಗೊಳಿಸಿಕೊಡಬೇಕು.